ಪ್ರೋಟೀನ್ ಸ್ಕಿಮ್ಮರ್: ಡಬ್ಬಿಯ ಮೇಲಿನ ಲೀಟರ್ ಲೆಕ್ಕ ಎಷ್ಟು ನಂಬಬೇಕು?

ಉಪ್ಪುನೀರಿನ ಮೀನು ತೊಟ್ಟಿಯ ಕೊಳೆಯನ್ನು ಗಾಳಿಗುಳ್ಳೆಗಳಿಂದ ನೊರೆಯಾಗಿಸಿ ಹೊರತೆಗೆಯುವ ಯಂತ್ರವೇ ಪ್ರೋಟೀನ್ ಸ್ಕಿಮ್ಮರ್. ಅದನ್ನು ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ‘500 ಲೀಟರ್ ತೊಟ್ಟಿಗೆ’ ಎಂಬ ಬರಹ. ಆಯ್ಕೆಗೆ ಅತಿ ಕಡಿಮೆ ನೆರವಾಗುವುದೂ ಅದೇ. ಸ್ಕಿಮ್ಮರಿನ ಹೊರೆ ನಿರ್ಧಾರವಾಗುವುದು ಎಷ್ಟು ಮೀನು, ದಿನಕ್ಕೆ ಎಷ್ಟು ಆಹಾರ ಎಂಬುದರಿಂದ.

ಪ್ರೋಟೀನಿನಂಥ ಅಣುಗಳ ಒಂದು ತುದಿ ನೀರಿಗೆ ಒಲಿಯುತ್ತದೆ, ಇನ್ನೊಂದು ನೀರನ್ನು ಒಲ್ಲದು. ಗಾಳಿಗುಳ್ಳೆ ಸಿಕ್ಕರೆ ಅದರ ಮೈಗೆ ಕಚ್ಚಿಕೊಂಡು ಮೇಲೇರಿ, ನೊರೆಯಾಗಿ ಯಂತ್ರದ ತುದಿಯ ಕಪ್‌ಗೆ ಬೀಳುತ್ತವೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಸುಲಭಕ್ಕೆ ಒಂದರೊಳಗೊಂದು ಸೇರದೆ ಸಣ್ಣದಾಗಿಯೇ ಉಳಿಯುತ್ತವೆ. ಸಿಹಿನೀರಿನ ತೊಟ್ಟಿಯಲ್ಲಿ ಇದೇ ಯಂತ್ರ ಸೋಲುವುದು ಅದಕ್ಕೇ.

ಹಾಗಾಗಿ ಸಣ್ಣ ಗುಳ್ಳೆಗಳನ್ನು ಹೇರಳವಾಗಿ ಮಾಡುವುದು ಹೇಗೆ ಎಂಬುದರ ಸುತ್ತಲೇ ಸ್ಕಿಮ್ಮರಿನ ಚರಿತ್ರೆ ಬೆಳೆದಿದೆ. 1960ರ ದಶಕದಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದವು ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ರಂಧ್ರಭರಿತ ಮರದ ತುಂಡನ್ನು (ಏರ್‌ಸ್ಟೋನ್) ನಂಬಿದ್ದವು. ಕೆಲವೇ ವಾರಗಳಲ್ಲಿ ಅದರ ರಂಧ್ರ ಕಟ್ಟಿ, ಗುಳ್ಳೆ ದಪ್ಪವಾಗಿ, ನೊರೆ ನಿಲ್ಲುತ್ತಿತ್ತು. ಹವಳದ ತೊಟ್ಟಿ ನಡೆಸುವ ಬರ್ಲಿನ್ ಪದ್ಧತಿ ಬೇರೆ ಫಿಲ್ಟರುಗಳನ್ನು ಕಿತ್ತುಹಾಕಿ ಲೈವ್ ರಾಕ್ (ಸೂಕ್ಷ್ಮಜೀವಿಗಳು ನೆಲೆಸಿದ ಕಲ್ಲು) ಮತ್ತು ಬಲವಾದ ಸ್ಕಿಮ್ಮರನ್ನೇ ನೆಚ್ಚಿದ ಮೇಲೆ ಈ ದೌರ್ಬಲ್ಯ ಸಹಿಸುವಂತಿರಲಿಲ್ಲ. ಹರಿಯುವ ನೀರೇ ಗಾಳಿ ಎಳೆದುಕೊಳ್ಳುವ ಕಿರಿದಾದ ಕೊಳವೆ, ಅಂದರೆ ವೆಂಚುರಿ ಬಂತು, ಆದರೆ ಒತ್ತಡದ ಪಂಪ್ ಬೇಡಿತು. ನೀರನ್ನು ಕೊಳವೆಯೊಳಗೆ ರಭಸದಿಂದ ಕೆಳಗೆ ಚಿಮ್ಮಿಸುವ 1990ರ ದಶಕದ ಡೌನ್‌ಡ್ರಾಫ್ಟ್ ಇನ್ನೂ ದೊಡ್ಡ ಪಂಪ್ ಬೇಡಿತು. ಈಗ ಎಲ್ಲೆಡೆ ಕಾಣುವ ನೀಡಲ್ ವೀಲ್‌ನಲ್ಲಿ ಪಂಪಿನ ಚಕ್ರದ ಮುಳ್ಳುಗಳೇ ಗಾಳಿಯನ್ನು ಚೂರು ಮಾಡುತ್ತವೆ. ಕರೆಂಟೂ ಕಡಿಮೆ ಸಾಕು.

ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಕೆನ್ ಫೆಲ್ಡ್‌ಮನ್ 2009–10ರಲ್ಲಿ ಪ್ರಕಟಿಸಿದ ಅಳತೆಗಳು ಹಲವರ ಕಣ್ಣು ತೆರೆಸಿದವು. ಪರೀಕ್ಷಿಸಿದ ಸ್ಕಿಮ್ಮರುಗಳು ನೀರಿನ ಒಟ್ಟು ಸಾವಯವ ಇಂಗಾಲದಲ್ಲಿ ಸುಮಾರು 20–30 ಪ್ರತಿಶತವನ್ನಷ್ಟೇ ತೆಗೆದವು. ಮಾದರಿಗಳ ನಡುವೆ ಅಂಥ ಅಂತರವೂ ಇರಲಿಲ್ಲ. ಉಳಿದದ್ದು ಗುಳ್ಳೆಗೆ ಅಂಟುವ ಜಾತಿಯದಲ್ಲ. ಕರಗಿದ ನೈಟ್ರೇಟನ್ನಂತೂ ಯಾವ ಸ್ಕಿಮ್ಮರೂ ಹಿಡಿಯದು. ಕೊಳೆತು ನೈಟ್ರೇಟ್ ಆಗುವ ಮೊದಲೇ ಕೊಳೆಯನ್ನು ಹೊರಹಾಕುವುದು ಅದರ ಕೆಲಸ.

‘ದೊಡ್ಡದಿದ್ದಷ್ಟೂ ಒಳ್ಳೆಯದು’ ಎಂಬ ಮಾತನ್ನು ಬಿಡಿ. ಮೀನು ಕಡಿಮೆಯಿದ್ದು ನೊರೆ ಏರುವ ಕೊಳವೆಯ ಕತ್ತು ಅಗಲವಾಗಿದ್ದರೆ ನೊರೆ ಮೇಲೇರುವಷ್ಟು ಸರಕೇ ಸಿಗದೆ ಅರ್ಧದಲ್ಲೇ ಒಡೆಯುತ್ತದೆ. ಕತ್ತಿನ ವ್ಯಾಸ, ಗಂಟೆಗೆ ಎಳೆಯುವ ಗಾಳಿಯ ಲೀಟರ್, ತಯಾರಕರು ಸೂಚಿಸಿದ ಸಂಪ್ (ಯಂತ್ರಗಳನ್ನಿಡುವ ಪಕ್ಕದ ತೊಟ್ಟಿ) ನೀರಿನ ಆಳ — ಈ ಮೂರನ್ನು ನೋಡಿ. ಆಳ ಎರಡು ಸೆಂಟಿಮೀಟರ್ ಏರಿಳಿದರೂ ಕಪ್ ಉಕ್ಕಬಹುದು ಅಥವಾ ಒಣಗಬಹುದು. ಸಂಪಿನಲ್ಲಿ ನೀರನ್ನು ತೊಟ್ಟಿಗೆ ಮರಳಿಸುವ ಪಂಪ್ ಇರುವ ವಿಭಾಗದ ನೀರಿನ ಮಟ್ಟ ಆವಿಯಿಂದ ಇಳಿಯುತ್ತಲೇ ಇರುತ್ತದೆ, ಸ್ಕಿಮ್ಮರನ್ನು ಮಟ್ಟ ಬದಲಾಗದ ವಿಭಾಗದಲ್ಲೇ ಇಡಿ.

ಹೊಸ ಸ್ಕಿಮ್ಮರ್ ಹದಕ್ಕೆ ಬರಲು ಒಂದೆರಡು ವಾರ ಬೇಕು. ಹವಳ ಅಂಟಿಸುವ ಎಪಾಕ್ಸಿ ತಾಗಿದರೆ ಒಮ್ಮೆಲೇ ಉಕ್ಕುತ್ತದೆ. ಆಗ ಕಪ್ ತೆಗೆದಿಟ್ಟು ಕಾಯಿರಿ. ಕತ್ತಿನ ಜಿಡ್ಡು ವಾರಕ್ಕೊಮ್ಮೆ ಒರೆಸಿ. ನೊರೆ ದಿನೇ ದಿನೇ ಕುಗ್ಗಿದರೆ ಮೊದಲು ನೋಡಬೇಕಾದದ್ದು ಗಾಳಿಯ ಕೊಳವೆಯ ತುದಿ: ಅಲ್ಲಿ ಉಪ್ಪು ಕಟ್ಟಿರುತ್ತದೆ, ಬೆಚ್ಚಗಿನ ಸಿಹಿನೀರು ಎಳೆಸಿದರೆ ಕರಗುತ್ತದೆ.