‘ಖ್ವೆಯ್’ ಅಂದರೆ ಶತ್ರುಕಾಟವಲ್ಲ

ಚೀನಾದ ಪ್ರಾಚೀನ ಶಕುನಗ್ರಂಥ ‘ಯಿ ಚಿಂಗ್’ನ ಆ್ಯಪ್‌ಗಳಲ್ಲಿ, ಭವಿಷ್ಯದ ವಿಡಿಯೊಗಳಲ್ಲಿ 38ನೇ ಗುವಾ (ಆರು ಗೆರೆಗಳ ಚಿತ್ರ), ಹೆಸರು ‘ಖ್ವೆಯ್’, ಬಿತ್ತೆಂದರೆ ಸಿದ್ಧ ಉತ್ತರವೊಂದು ಹೊರಡುತ್ತದೆ: ‘ವಿರೋಧ. ಶತ್ರುಗಳಿಂದ ಎಚ್ಚರ. ಅಂಥವರ ಸಹವಾಸ ಬಿಡಿ.’ ಮೊದಲ ಮಾತನ್ನು ಹೇಗೋ ಒಪ್ಪಬಹುದು. ಉಳಿದೆರಡು ಮೂಲದಲ್ಲಿ ಎಲ್ಲೂ ಇಲ್ಲ. ಇರುವುದು ಹೆಚ್ಚುಕಡಿಮೆ ಅದರ ಉಲ್ಟಾ. ಯಿನ್ (ತುಂಡಾದ ಗೆರೆ), ಯಾಂಗ್ (ಇಡೀ ಗೆರೆ), 64 ಗುವಾ ಇವೆಲ್ಲ ಗೊತ್ತಿದ್ದವರೇ ಈ ತಪ್ಪು ಮಾಡುತ್ತಿರುವುದರಿಂದ ಪೀಠಿಕೆ ಬಿಟ್ಟು ನೇರ ಪದಕ್ಕೆ ಬರೋಣ.

‘ಖ್ವೆಯ್’ ಎಂದು ಬರೆಯುವ ಅಕ್ಷರದ ಎಡಗಡೆ ಇರುವುದು ಕಣ್ಣು. ಬಲಗಡೆಯ ಭಾಗ ಉಚ್ಚಾರ ತೋರಿಸಲು ಮಾತ್ರ. ಶ್ಯು ಶೆನ್ ಕ್ರಿ.ಶ. 100ರಲ್ಲಿ ಮುಗಿಸಿದ ‘ಶುಓವೆನ್’ ನಿಘಂಟು ಇದಕ್ಕೆ ಕೊಡುವ ಅರ್ಥ: ಕಣ್ಣುಗಳು ಒಂದರ ಮಾತು ಇನ್ನೊಂದು ಕೇಳದಿರುವುದು. ಮೆಳ್ಳೆಗಣ್ಣು ಎನ್ನಿ. ಮುಖ ಒಂದೇ, ನೋಡುತ್ತಿರುವ ಲೋಕವೂ ಒಂದೇ, ದಿಕ್ಕು ಮಾತ್ರ ಬೇರೆ. ಮೆಳ್ಳೆಗಣ್ಣಿನವನ ಎಡಗಣ್ಣಿಗೂ ಬಲಗಣ್ಣಿಗೂ ಯಾವ ಹಗೆಯೂ ಇಲ್ಲ. ಇವತ್ತಿನ ಚೀನೀ ಭಾಷೆಯಲ್ಲೂ ಈ ಅಕ್ಷರ ಉಳಿದಿರುವುದು ಇಂಥ ಕಡೆಗಳಲ್ಲೇ: ಬಹುಕಾಲ ಅಗಲಿರುವುದನ್ನು ಹೇಳುವ ‘ಖ್ವೆಯ್ ವೆಯ್’, ಎಲ್ಲರೂ ಕಣ್ಣರಳಿಸಿ ನೋಡುತ್ತಿರುವಾಗ ಎಂಬ ಅರ್ಥದ ನುಡಿಗಟ್ಟು. ಅಗಲಿಕೆ ಇದೆ, ನೋಟ ಇದೆ. ಹಗೆತನದ ಸುಳಿವಿಲ್ಲ.

ಚಿತ್ರವನ್ನೇ ನೋಡಿ. ಮೇಲಿನ ಮೂರು ಗೆರೆ ‘ಲೀ’, ಬೆಂಕಿ. ಕೆಳಗಿನ ಮೂರು ‘ದ್ವೆಯ್’, ಕೆರೆ. ಬೆಂಕಿ ಮೇಲಕ್ಕೇ ಏರುತ್ತದೆ, ನೀರು ಕೆಳಕ್ಕೇ ಇಳಿಯುತ್ತದೆ. ಎರಡೂ ಡಿಕ್ಕಿ ಹೊಡೆಯುವುದಿಲ್ಲ, ದೂರವಾಗುತ್ತವೆ. ಮೂರು ಗೆರೆಯ ಚಿತ್ರಗಳನ್ನು ಒಂದು ಕುಟುಂಬವೆಂದು ಎಣಿಸುವಾಗ ಲೀ ನಡುವಿನ ಮಗಳು, ದ್ವೆಯ್ ಕಿರಿಯವಳು. ‘ಇಬ್ಬರು ಹೆಣ್ಣುಮಕ್ಕಳು ಒಂದೇ ಮನೆಯಲ್ಲಿ, ಅವರ ಮನಸ್ಸು ಒಂದೇ ದಾರಿ ಹಿಡಿಯುವುದಿಲ್ಲ’ ಎನ್ನುತ್ತದೆ ಗ್ರಂಥಕ್ಕೆ ಸೇರಿದ ವ್ಯಾಖ್ಯಾನ. ಸಾಂಗ್ ರಾಜವಂಶದ ಕಾಲದ ವ್ಯಾಖ್ಯಾನಕಾರ ಚೆಂಗ್ ಯಿ (1033–1107) ಇದನ್ನು ಬಿಡಿಸಿ ಹೇಳುತ್ತಾನೆ: ಚಿಕ್ಕಂದಿನಲ್ಲಿ ಜೊತೆಗಿದ್ದವರು ದೊಡ್ಡವರಾದ ಮೇಲೆ ಅವರವರ ಮನೆ ಸೇರುತ್ತಾರೆ. ತವರು ಒಂದೇ, ಕೊಟ್ಟ ಮನೆ ಬೇರೆ. ಇದರಲ್ಲಿ ಶತ್ರು ಎಲ್ಲಿಂದ ಬಂದ?

ಇದೇ ಎರಡು ಅರ್ಧಗಳನ್ನು ಮೇಲೆಕೆಳಗೆ ಮಾಡಿದರೆ, ಕೆರೆ ಮೇಲೆ, ಬೆಂಕಿ ಕೆಳಗೆ, 49ನೇ ಗುವಾ ‘ಗ’ ಆಗುತ್ತದೆ. ಈಗ ಇಳಿಯುವ ನೀರಿಗೆ ಏರುವ ಬೆಂಕಿ ಎದುರಾಗುತ್ತದೆ. ಒಂದು ಉಳಿಯಬೇಕಾದರೆ ಇನ್ನೊಂದು ಆರಬೇಕು. ಅಲ್ಲಿಯ ವ್ಯಾಖ್ಯಾನದಲ್ಲೂ ಅದೇ ಇಬ್ಬರು ಹೆಣ್ಣುಮಕ್ಕಳು, ಅದೇ ಒಂದು ಮನೆ, ಆದರೆ ವಾಕ್ಯದ ಕೊನೆ ಬೇರೆ: ಒಬ್ಬರ ಮನಸ್ಸಿಗೆ ಒಬ್ಬರು ದಕ್ಕುವುದಿಲ್ಲ. ಅದಕ್ಕೆ ಇಟ್ಟ ಹೆಸರಿನ ಅರ್ಥ ಬುಡಮೇಲು ಬದಲಾವಣೆ. ಅರಸೊತ್ತಿಗೆ ಉರುಳುವ ಮಾತು ಬರುವುದು ಅಲ್ಲಿ. ಕೋರ್ಟು ಕಚೇರಿಯ ಜಗಳಕ್ಕಂತೂ 6ನೇ ಗುವಾ ‘ಸೊಂಗ್’ ಪ್ರತ್ಯೇಕವಾಗಿಯೇ ಇದೆ: ನಡುವೆ ನಿಲ್ಲಿಸಿದರೆ ಶುಭ, ಕೊನೆ ಮುಟ್ಟಿಸಿದರೆ ಅಶುಭ. ಭಿನ್ನತೆ, ಘರ್ಷಣೆ, ವ್ಯಾಜ್ಯ ಮೂರಕ್ಕೂ ಗ್ರಂಥ ಮೂರು ಮನೆ ಕಟ್ಟಿಕೊಟ್ಟಿದೆ. ಮೂರನ್ನೂ ‘ವಿರೋಧ’ ಎಂಬ ಒಂದೇ ಚೀಲಕ್ಕೆ ತುರುಕುವುದು ಶುದ್ಧ ಸೋಮಾರಿತನ.

ಇನ್ನು ಗುವಾದ ತೀರ್ಪು, ಅಂದರೆ ಇಡೀ ಚಿತ್ರಕ್ಕೆ ಗ್ರಂಥ ಕೊಡುವ ಮಾತು. ಒಂದೇ ಸಾಲು: ಸಣ್ಣ ಕೆಲಸಗಳಲ್ಲಿ ಶುಭ. ‘ಶುಭ’ ಎಂಬ ಮಾತು ಅಲ್ಲೇ ಕುಳಿತಿದ್ದರೂ ಹೆಚ್ಚಿನವರು ಓದದೆ ಮುಂದೆ ಹೋಗುತ್ತಾರೆ. ಕಾರಣ ಸರಳ. ದೊಡ್ಡ ಕೆಲಸಕ್ಕೆ ಎಲ್ಲರ ಬಲ ಒಂದೇ ಕಡೆ ಬೇಕು, ಅದು ಈಗ ಇಲ್ಲ. ಹಂಚಿಕೊಂಡು ಮಾಡುವ ಸಣ್ಣ ಕೆಲಸಕ್ಕೆ ಅಷ್ಟೊಂದು ಒಮ್ಮತ ಬೇಕಿಲ್ಲ. ಚಿತ್ರದ ಕೆಳಗಿನ ಇನ್ನೊಂದು ಸಾಲು ಸಜ್ಜನನು ‘ಕೂಡಿದ್ದೂ ಬೇರೆಯಾಗಿರುತ್ತಾನೆ’ ಎನ್ನುತ್ತದೆ. ಬೇರೆತನವನ್ನು ಅಳಿಸು ಎಂದು ಎಲ್ಲೂ ಹೇಳಿಲ್ಲ. ಬಿಲ್ಲಿನ ಹುಟ್ಟನ್ನು ‘ಮಹಾ ವ್ಯಾಖ್ಯಾನ’ ಇದೇ ಗುವಾಕ್ಕೆ ಜೋಡಿಸುತ್ತದೆ: ಮರಕ್ಕೆ ಹೆದೆ ಕಟ್ಟಿ ಬಿಲ್ಲು, ಮರ ಹೆರೆದು ಬಾಣ ಮಾಡಿದರು, ಅದನ್ನು ಖ್ವೆಯ್‌ನಿಂದ ಪಡೆದರು. ಬಿಲ್ಲಿನ ಮರ ನೆಟ್ಟಗಾಗಲು ನೋಡುತ್ತದೆ, ಹೆದೆ ಬಿಡುವುದಿಲ್ಲ. ಈ ಎಳೆದಾಟ ಇಲ್ಲದಿದ್ದರೆ ಬಾಣ ಹಾರದು.

ಆರು ಗೆರೆಗಳಿಗೂ ಒಂದೊಂದು ಮಾತಿದೆ; ಅವುಗಳಲ್ಲಿ ಮೊದಲನೆಯದು ಮತ್ತು ಕೊನೆಯದು ಹೆಚ್ಚು ಕೆಟ್ಟದಾಗಿ ಓದಿಸಿಕೊಂಡಿವೆ. ಮೊದಲ ಗೆರೆ: ಕುದುರೆ ಕಳೆದುಹೋದರೆ ಬೆನ್ನಟ್ಟಬೇಡ, ತಾನೇ ಬರುತ್ತದೆ, ಕೆಟ್ಟವನನ್ನು ಕಂಡರೆ ತಪ್ಪಿಲ್ಲ. ‘ಕಂಡರೆ’ ಅಂದರೆ ಹೋಗಿ ಭೇಟಿಯಾದರೆ. ದೂರ ಇಡು ಎನ್ನುವವರಿಗೆ ಇದು ನುಂಗಲಾರದ ತುತ್ತು. ಚೆಂಗ್ ಯಿ ಕೇಳುತ್ತಾನೆ: ಭಿನ್ನರಾದವರು ಬಹಳ ಮಂದಿ ಇರುವಾಗ ಅವರನ್ನೆಲ್ಲ ಕಡಿದುಕೊಂಡರೆ ಜಗತ್ತೇ ಸಜ್ಜನನ ಮೇಲೆ ಹಗೆ ಕಟ್ಟಿಕೊಳ್ಳುವುದಿಲ್ಲವೇ? ಅದೇ ಸಾಂಗ್ ಕಾಲದ ಇನ್ನೊಬ್ಬ ವ್ಯಾಖ್ಯಾನಕಾರ ಝು ಶಿ (1130–1200) ಕನ್‌ಫ್ಯೂಷಿಯಸ್ ಮತ್ತು ಯಾಂಗ್ ಹುವೊ ಪ್ರಸಂಗವನ್ನು ಉದಾಹರಿಸುತ್ತಾನೆ. ಅಧಿಕಾರ ಕಿತ್ತುಕೊಂಡಿದ್ದ ಯಾಂಗ್ ಹುವೊ, ಭೇಟಿಗೆ ಒಪ್ಪದ ಗುರುವಿಗೆ ಹಂದಿಯೊಂದನ್ನು ಕಳಿಸಿ ಮರುಭೇಟಿಯ ಮರ್ಯಾದೆಗೆ ಸಿಕ್ಕಿಸಿದ. ಗುರು ಅವನು ಮನೆಯಲ್ಲಿಲ್ಲದ ಹೊತ್ತು ನೋಡಿ ಹೋದ. ದಾರಿಯಲ್ಲಿ ಸಿಕ್ಕಾಗ ಮುಖ ತಿರುಗಿಸಲಿಲ್ಲ, ಮಾತಾಡಿದ. ಎರಡನೇ ಗೆರೆಯದ್ದೂ ಇದೇ ಧಾಟಿ: ಒಡೆಯ ಸಿಗುವುದು ಓಣಿಯಲ್ಲಿ, ಒಡ್ಡೋಲಗದಲ್ಲಿ ಅಲ್ಲ.

ಮೂರನೇ ಗೆರೆಗೂ ಆರನೆಯದಕ್ಕೂ ಜೋಡಿ ಸಂಬಂಧ. ಒಂದು ಯಿನ್, ಒಂದು ಯಾಂಗ್. ಮೂರರಲ್ಲಿ ಬಂಡಿಯನ್ನು ಹಿಂದಕ್ಕೆ ಎಳೆದಿದ್ದಾರೆ, ಎತ್ತು ತಡೆದು ನಿಂತಿದೆ, ಬಂಡಿಯವನ ಹಣೆಗೆ ಶಿಕ್ಷೆಯ ಹಚ್ಚೆ, ಮೂಗು ಕೊಯ್ದಿದೆ. ಆರಕ್ಕೆ ಬನ್ನಿ: ಒಂಟಿಯಾದವನಿಗೆ ಕೆಸರು ಮೆತ್ತಿದ ಹಂದಿ ಕಾಣುತ್ತದೆ, ದೆವ್ವ ತುಂಬಿದ ಬಂಡಿ ಕಾಣುತ್ತದೆ. ಬಿಲ್ಲು ಎತ್ತುತ್ತಾನೆ, ಆಮೇಲೆ ಇಳಿಸುತ್ತಾನೆ. ಬಂದವನು ದರೋಡೆಕೋರನಲ್ಲ, ಸಂಬಂಧ ಬೆಳೆಸಲು ಬಂದವನು. ಹಳೆಯ ವ್ಯಾಖ್ಯಾನಕಾರರ ಓದಿನಲ್ಲಿ ಹಂದಿಯೂ ದೆವ್ವಗಳೂ ಮೂರನೇ ಗೆರೆಯವನೇ, ಸಂಶಯದ ಕಣ್ಣಿಗೆ ಕಂಡ ಹಾಗೆ. ಬಂಡಿ ಒಂದೇ, ನೋಡುವ ಕಡೆ ಎರಡು. ಮಳೆ ಬಂದರೆ ಶುಭ ಎಂದು ಗೆರೆ ಮುಗಿಯುತ್ತದೆ; ಸಂಶಯಗಳೆಲ್ಲ ಅಳಿಯುತ್ತವೆ ಎಂದು ಕೆಳಗಿನ ಟಿಪ್ಪಣಿ. ‘ದೆವ್ವದ ಬಂಡಿ’ಯನ್ನು ಕಿತ್ತು ಅದಕ್ಕೆ ಮಾಟಮಂತ್ರದ ಅರ್ಥ ಹಚ್ಚುವವರು ವಾಕ್ಯದ ಉಳಿದರ್ಧವನ್ನೂ ಓದಲಿ. ಗುವಾ ಹಾಕುವಾಗ ಕೆಲವು ಗೆರೆ ಯಿನ್‌ನಿಂದ ಯಾಂಗ್‌ಗೆ, ಯಾಂಗ್‌ನಿಂದ ಯಿನ್‌ಗೆ ಬದಲಾಗುವಂತೆ ಬೀಳಬಹುದು; ಈ ಗೆರೆ ಒಂದೇ ಬದಲಾದರೆ ಸಿಗುವ ಗುವಾ 54, ‘ಮದುವೆಯಾಗಿ ಹೋಗುವ ಹುಡುಗಿ’.

ಆರು ಗೆರೆಯ ಮಾತನ್ನೂ ಒಟ್ಟಿಗೆ ಪ್ರಶ್ನೆ ಕೇಳಿದವನ ತಲೆಗೆ ಕಟ್ಟುವುದೂ ತಪ್ಪೇ. ಝು ಶಿ ನಿಯಮದ ಪ್ರಕಾರ ಒಂದೂ ಗೆರೆ ಬದಲಾಗದಿದ್ದರೆ ಗುವಾದ ತೀರ್ಪು ಮಾತ್ರ, ಒಂದೇ ಬದಲಾದರೆ ಆ ಗೆರೆಯ ಮಾತು. ಮೂರು ನಾಣ್ಯದ ಪದ್ಧತಿಯಲ್ಲಿ ಒಂದು ಮುಖಕ್ಕೆ 3, ಇನ್ನೊಂದಕ್ಕೆ 2. ಮೊತ್ತ 9 ಬಂದರೆ ಬದಲಾಗುವ ಯಾಂಗ್, 6 ಬಂದರೆ ಬದಲಾಗುವ ಯಿನ್. 9 ಬೀಳುವ ಸಂಭವ ಎಂಟರಲ್ಲಿ ಒಂದು. 50 ಕಡ್ಡಿಗಳಲ್ಲಿ ಒಂದನ್ನು ಬದಿಗಿಟ್ಟು 49ನ್ನು ಒಂದು ಗೆರೆಗೆ ಮೂರರಂತೆ 18 ಸಲ ವಿಂಗಡಿಸುವ ಹಳೆಯ ಪದ್ಧತಿಯಲ್ಲಿ ಅದೇ ಸಂಭವ ಹದಿನಾರರಲ್ಲಿ ಮೂರು. ಎರಡೂ ಒಂದೇ ಎನ್ನುವವರು ಲೆಕ್ಕ ಹಾಕಿ ನೋಡಿಲ್ಲ.

ಗೆರೆ ಬರೆಯುವುದು ಕೆಳಗಿನಿಂದ ಮೇಲಕ್ಕೆ. 38 ಹೀಗೆ ಬರಬೇಕು: ಯಾಂಗ್, ಯಾಂಗ್, ಯಿನ್, ಯಾಂಗ್, ಯಿನ್, ಯಾಂಗ್. ಅಭ್ಯಾಸಬಲದಿಂದ ಮೇಲಿನಿಂದ ಕೆಳಕ್ಕೆ ಬರೆದರೆ ಕೈಗೆ ಬರುವುದು 37, ‘ಮನೆಮಂದಿ’. ಅಲ್ಲಿಯ ತೀರ್ಪು ಹೆಣ್ಣಿನ ಸ್ಥಿರತೆಯಿಂದ ಲಾಭ ಎನ್ನುತ್ತದೆ. ಕೇಳಿದವನು ಸಂಸಾರ ಚೆನ್ನಾಗಿದೆ ಎಂದುಕೊಂಡು ಹೋಗುತ್ತಾನೆ.