ಟ್ರೀ ಸ್ಯಾಡಲ್ ಅಂದ್ರೆ ಮರದ ಜೀನಲ್ಲ

ಮೊನ್ನೆ ಮತ್ತೊಂದು ವಿಡಿಯೋ ಬಂತು. ಅಮೆರಿಕದವನೊಬ್ಬ ಬಿಲ್ಲು ಹಿಡಿದು ಮರಕ್ಕೆ ಜೋತುಬಿದ್ದಿದ್ದಾನೆ, ಕೆಳಗೆ ಕನ್ನಡದಲ್ಲಿ ದಪ್ಪ ಅಕ್ಷರ: "ಮನೆಯಲ್ಲೇ ಮಾಡಿದ ಹಗುರ ಮರದ ಜೀನು, ಮರ ಬೇಟೆಗೆ." ಇಂಗ್ಲಿಷಿನ 'ಟ್ರೀ ಸ್ಯಾಡಲ್' ಅನ್ನೋದನ್ನು ಹೀಗೆ ಕನ್ನಡ ಮಾಡಿದ್ದರು. ಒಂದೇ ಸಾಲಿನಲ್ಲಿ ಎರಡು ಅಪಘಾತ. ಮರದ ಕುರ್ಚಿ, ಮರದ ಚಮಚ ಅಂದ ಹಾಗೆ ಮರದ ಜೀನು ಅಂದರೆ ಮರದಿಂದ ಮಾಡಿದ ಜೀನು. ಇನ್ನು ಮರ ಬೇಟೆ? ಹಂದಿ ಬೇಟೆಯಲ್ಲಿ ಹಂದಿ ಸಾಯುತ್ತದೆ, ಮೊಲದ ಬೇಟೆಯಲ್ಲಿ ಮೊಲ. ಇಲ್ಲಿ ಯಾರು ಸಾಯಬೇಕು, ಮರವಾ? ನಮ್ಮ ಧಾರವಾಡದ ಕಡೆಯವರಿಗಂತೂ ಇನ್ನೂ ಮಜಾ, ಯಾಕಂದ್ರೆ ನಮ್ಮಲ್ಲಿ ಬೆಳೆದು ನಿಂತದ್ದೆಲ್ಲ ಗಿಡವೇ, ಮಾವಿನ ಗಿಡ, ಬೇವಿನ ಗಿಡ, ಮತ್ತು 'ಮರ' ಅಂದರೆ ಅವ್ವ ಜೋಳ ಕೇರುವ ಮರ. ಆ ವಿಡಿಯೋವನ್ನು ನನಗೆ ಕಳಿಸಿದ ಗೆಳೆಯ ತನ್ನ ಕಡೆಯಿಂದ ಒಂದು ಸಾಲು ಸೇರಿಸಿದ್ದ: "ಮರದ ಜೇನು ನೋಡು." ಅಲ್ಲಿಗೆ ಕುದುರೆಯೂ ಹೋಯ್ತು, ಹುಳ ಬಂತು.

ಟ್ರೀ ಸ್ಯಾಡಲ್ ಅನ್ನೋ ಈ ವಸ್ತು ಏನು ಅನ್ನೋದನ್ನು ಬೇಗ ಮುಗಿಸ್ತೀನಿ. ಸೊಂಟದ ಹಿಂಭಾಗದಿಂದ ತೊಡೆಯ ಬುಡದವರೆಗೆ ಸುತ್ತಿಕೊಳ್ಳುವ ಒಂದು ಅಗಲ ಬಟ್ಟೆ, ಅದರೊಳಗೆ ಗಟ್ಟಿ ಪಟ್ಟಿ. ಎರಡೂ ಪಕ್ಕೆಯ ಕುಣಿಕೆಗಳ ನಡುವೆ ಒಂದು ಗಿಡ್ಡ ಹಗ್ಗ, ಅದು ಬ್ರಿಡ್ಜ್. ಕಾಂಡಕ್ಕೆ ಬಿಗಿದ ಇನ್ನೊಂದು ಹಗ್ಗ ಟೆದರ್. ಎರಡನ್ನೂ ಕೂಡಿಸುವುದು ಕ್ಯಾರಬಿನರ್ ಅನ್ನುವ ಕೊಂಡಿ. ಮನುಷ್ಯ ಕಾಂಡಕ್ಕೆ ಮುಖ ಮಾಡಿ, ಪಾದ ಊರುವಷ್ಟೇ ಜಾಗ ಇರುವ ಸಣ್ಣ ಹಲಗೆಯ ಮೇಲೆ ಕಾಲೂರಿ, ಹಿಂದಕ್ಕೆ ವಾಲುತ್ತಾನೆ. ಜಿಂಕೆ ಬಂದಾಗ ಕಾಂಡವೇ ಅವನಿಗೆ ಮರೆ. ಅಷ್ಟೇ.

ಈಗ ಪದಕ್ಕೆ ಬರೋಣ, ನನ್ನ ಸಿಟ್ಟಿರೋದು ಅಲ್ಲಿ.

ಇಂಗ್ಲಿಷಿನ ಸ್ಯಾಡಲ್ ಮೂಲದಲ್ಲಿ ಕುದುರೆಯ ಪದವೇ ಅಲ್ಲ. ಅದು 'ಕೂರು' ಅನ್ನುವ ಬೇರಿನಿಂದ ಬಂದದ್ದು, ಅವರ 'ಸಿಟ್' ಇದೆಯಲ್ಲ, ಅದರದೇ ಮನೆತನ. ಸಂಸ್ಕೃತದ 'ಸದ್' ಕೂಡ ಅದೇ ಮನೆತನದ್ದು. ಸದನ, ಸಂಸತ್ತು, ಉಪನಿಷತ್ತು, ಎಲ್ಲದರಲ್ಲೂ ಆ ಕೂರುವ 'ಸದ್' ಇದೆ. ಅಂದರೆ ಸ್ಯಾಡಲ್ಲೂ ಸಂಸತ್ತೂ ದೂರದ ದಾಯಾದಿಗಳು, ಎರಡೂ ಕಡೆ ಕೆಲಸ ಕೂರೋದೇ. ಹಾಗಾಗಿ ಅಮೆರಿಕದಲ್ಲಿ ಮರ ಹತ್ತಿ ಕೊಂಬೆ ಕಡಿಯುವ ಕೆಲಸಗಾರರು ತಾವು ತೊಡುವ ಪಟ್ಟಿಗೆ ಸ್ಯಾಡಲ್ ಅಂದರು, ಬೇಟೆಗಾರರೂ ಅದನ್ನೇ ಅಂದರು. ಅವರ ಕಿವಿಗೆ ಅದು ಸಹಜ.

ನಮ್ಮ ಜೀನು ಹಾಗಲ್ಲ. ಅದು ಪಾರಸಿಯ 'ಝೀನ್', ಕುದುರೆಯ ಜೊತೆಗೇ ಬಂದ ಪದ, ಕುದುರೆಯನ್ನು ಬಿಟ್ಟು ಒಂದು ಹೆಜ್ಜೆ ಇಡೋದಿಲ್ಲ. ಜೀನು ಹೊಲಿಯುತ್ತಿದ್ದವರು ಜೀನಗಾರರಾದರು, ಆ ಹೆಸರು ಉತ್ತರ ಕರ್ನಾಟಕದಲ್ಲಿ ಈಗಲೂ ಇದೆ. ಜೀನು ಅಂದ ತಕ್ಷಣ ಕಣ್ಣಿಗೆ ಬರೋದು ಪ್ರಾಣಿಯ ಬೆನ್ನು, ರಿಕಾಪು, ಲಗಾಮು. ಅದನ್ನು ತಂದು ಮರದ ಪಕ್ಕ ಇಟ್ಟರೆ ಓದುವವನು ಮರದ ಕೊಂಬೆಗೆ ಜೀನು ಬಿಗಿದು ಮೇಲೆ ಸವಾರಿ ಕೂತವನನ್ನು ಕಲ್ಪಿಸಿಕೊಳ್ಳುತ್ತಾನೆ. ತಪ್ಪು ಅವನದಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ತೊಡೋದು ಯಾರು? ಜೀನನ್ನು ಕುದುರೆ ತೊಡುತ್ತದೆ, ಮನುಷ್ಯ ಮೇಲೆ ಕೂರುತ್ತಾನೆ. ಟ್ರೀ ಸ್ಯಾಡಲನ್ನು ಮರ ತೊಡೋದಿಲ್ಲ, ಮನುಷ್ಯ ತೊಡುತ್ತಾನೆ. ಮೇಲೆ ಕೂರುವ ಮಾತೇ ಇಲ್ಲ, ಅದರೊಳಗೆ ಜೋತುಬೀಳೋದು.

ಜೀನು ಬೇಡ ಅಂದರೆ ಹಳೆಯದೊಂದು ಇದೆ, ಹಲ್ಲಣ. ಸಂಸ್ಕೃತದ ಪರ್ಯಾಣ ಪ್ರಾಕೃತದಲ್ಲಿ ಪಲ್ಲಾಣವಾಗಿ, ನಮ್ಮಲ್ಲಿ ಪಲ್ಲಣವಾಗಿ, ಆಮೇಲೆ ಪಾಲು ಹಾಲಾದ ಹಾಗೆ ಹಲ್ಲಣವಾಯಿತು. ಇದರ ಮೊದಲ 'ಪರಿ' ನೋಡಿ, ಸುತ್ತ ಅಂತ ಅರ್ಥ. ಪರಿಧಿ, ಪರಿಸರ, ಪರಿವಾರದಲ್ಲಿರುವ ಪರಿ. ಸುತ್ತಿಕೊಂಡು ಹೋಗುವುದು! ಸೊಂಟದ ಸುತ್ತ ಹೋಗುವ ಪಟ್ಟಿಗೆ ಇದಕ್ಕಿಂತ ಒಳ್ಳೆಯ ಪದ ಎಲ್ಲಿ ಸಿಗುತ್ತೆ ಅಂತ ಒಂದು ದಿನ ಪೂರ್ತಿ ಖುಷಿಯಲ್ಲಿದ್ದೆ. ಸಂಜೆ ತಮ್ಮನಿಗೆ ಹೇಳಿದರೆ, "ಹಲ್ಲಣ ಅಂದ್ರ ಹಲ್ಲಿನ ಡಾಕ್ಟರ ಕಡೆ ಹಾಕಸ್ತಾರಲ್ಲ ಅದೇನು?" ಅಂದ. ಬಿಟ್ಟುಬಿಟ್ಟೆ. 'ತಡಿ' ಅಂತಲೂ ಜೀನಿಗೆ ಇನ್ನೊಂದು ಪದ ಇದೆ. ಹುಬ್ಬಳ್ಳಿಯಲ್ಲಿ ಯಾರಿಗಾದರೂ ತಡಿ ಅಂದು ನೋಡಿ, ಅಲ್ಲೇ ನಿಂತು ನಿಮಗಾಗಿ ಕಾಯ್ತಾರೆ.

ಟ್ರೀ ಸ್ಯಾಡಲನ್ನು ಮಚಾನು ಅನ್ನೋರೂ ಇದ್ದಾರೆ. ಮಚಾನು, ಅಟ್ಟಣಿಗೆ, ನಮ್ಮ ಹೊಲಗಳ ಮಂಚಿಕೆ ಎಲ್ಲ ನೆಲವನ್ನು ಮೇಲೆತ್ತಿದ ಹಾಗೆ. ಅಲ್ಲಿ ಕಾಲು ಚಾಚಿ ಕೂರಬಹುದು, ಬುತ್ತಿ ಬಿಚ್ಚಬಹುದು, ಹಕ್ಕಿಗೆ ಕವಣೆ ಬೀಸಬಹುದು. ಸ್ಯಾಡಲ್ಲಿನಲ್ಲಿ ನೆಲವೇ ಇಲ್ಲ. ಬಿಚ್ಚಿ ಮಡಚಿದರೆ ಚೀಲದೊಳಗೆ ಹೋಗುತ್ತದೆ, ಅದಕ್ಕೇ ಅದರ ಹಿಂದೆ ಜನ ಬಿದ್ದಿರೋದು.

ಇದಕ್ಕಿಂತ ಅಪಾಯದ ಗೊಂದಲ ಸೇಫ್ಟಿ ಬೆಲ್ಟಿನದು. ಬೆಲ್ಟು ನೀವು ಬಿದ್ದ ಮೇಲೆ ಕೆಲಸಕ್ಕೆ ಬರುತ್ತದೆ, ಅಲ್ಲಿಯವರೆಗೆ ಸಡಿಲವಾಗಿ ಸುಮ್ನೆ ಇರುತ್ತದೆ. ಸ್ಯಾಡಲ್ ಮೊದಲ ಕ್ಷಣದಿಂದ ನಿಮ್ಮ ತೂಕ ಹೊತ್ತಿರುತ್ತದೆ. ಟೆದರ್ ಹಣೆಯ ಎತ್ತರದಲ್ಲಿ ಬಿಗಿಯಾಗಿದ್ದರೆ ಕಾಲು ಜಾರಿದರೂ ಬೀಳೋಕೆ ದೂರವೇ ಇರೋದಿಲ್ಲ, ಮೊಳಕಾಲು ಕಾಂಡಕ್ಕೆ ಬಡಿಯುತ್ತೆ ಅಷ್ಟೇ. ಇದನ್ನೇ ಬೆಲ್ಟು ಅಂದುಕೊಂಡು ಹಗ್ಗವನ್ನು ಕಾಲಿನ ಮಟ್ಟಕ್ಕೆ ಸಡಿಲ ಕಟ್ಟಿದರೆ ಆ ಬಟ್ಟೆ ಒಮ್ಮೆಲೇ ಎಳೆತ ತಿನ್ನುತ್ತದೆ. ಅದಕ್ಕಾಗಿ ಅದನ್ನು ಹೊಲಿದಿರೋದಿಲ್ಲ. ಪದ ತಪ್ಪಿದರೆ ಗಂಟೂ ತಪ್ಪುತ್ತದೆ, ಅದಕ್ಕೇ ಇಷ್ಟು ತಕರಾರು.

ಬರೀ ನಿಘಂಟು ಹಿಡಿದು ಮಾತಾಡ್ತಿಲ್ಲ, ನಾನೂ ಒಂದು ಮಾಡಿದ್ದೇನೆ. ಕಲಘಟಗಿ ರಸ್ತೆಯಲ್ಲಿ ನಮ್ಮದು ನಾಲ್ಕು ಆಪೂಸು ಮಾವಿನ ಗಿಡ, ಎತ್ತರದ ಕಾಯಿ ಪ್ರತಿ ವರ್ಷ ಗಿಳಿಗೇ ಹೋಗುತ್ತಿತ್ತು. ಮೊದಲ ಪ್ರಯತ್ನ ಹಳೆಯ ಜೀನ್ಸ್ ಪ್ಯಾಂಟಿನದು. ಜೀನ್ಸಿನಿಂದ ಜೀನು, ನಗಬೇಡಿ. ಮನೆಯ ಮಷಿನ್ನಿನಲ್ಲಿ ಹತ್ತಿ ದಾರ ಹಾಕಿ ನಾನೇ ಹೊಲಿದೆ, ಮೊಳಕಾಲೆತ್ತರದಲ್ಲಿ ಕಟ್ಟಿ ಕೂತೆ. ಟಿಕ್, ಟಿಕ್, ಟಿಕ್ ಅಂತ ಹೊಲಿಗೆ ಒಂದೊಂದೇ ಬಿಚ್ಚಿಕೊಳ್ಳುವ ಸದ್ದು ಕೇಳಿಸಿತು, ಎದ್ದೇಳುವಷ್ಟರಲ್ಲಿ ಕುಂಡೆ ಊರಿ ನೆಲದ ಮೇಲೆ ಕೂತಿದ್ದೆ. ಅಷ್ಟೇ ಎತ್ತರ ಇದ್ದದ್ದರಿಂದ ಇವತ್ತು ಬರೀತಾ ಇದ್ದೇನೆ.

ಆಮೇಲೆ ಹುಬ್ಬಳ್ಳಿಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವವರ ಹತ್ತಿರ ಹೋದೆ. ದಪ್ಪ ನೈಲಾನ್ ಬಟ್ಟೆ, ಬಂಡೆ ಹತ್ತುವವರು ಬಳಸುವ ಒಂದು ಇಂಚಿನ ಪಟ್ಟಿ, ಪಾಲಿಯೆಸ್ಟರ್ ದಾರ, ಎಲ್ಲ ಕೊಟ್ಟು, ಸ್ಯಾಡಲ್ ಅಂತ ಇದಕ್ಕೆ ಅಂತಾರೆ ಅಂದೆ.

"ಸರ, ಕುದರಿ ಎಲ್ಲೈತ್ರಿ?"

"ಕುದರಿ ಇಲ್ರೀ, ಗಿಡಕ್ಕ ಜೋತು ಬೀಳಾಕ."

ಬಟ್ಟೆಯ ಎರಡೂ ತುದಿ ಹಿಡಿದು ಎತ್ತಿ, ನಡುವೆ ಚೀಲದ ಹಾಗೆ ಇಳಿಬಿದ್ದದ್ದನ್ನು ನೋಡಿದರು. "ಹಂಗಾರ ಜೋಲಿ ಅನ್ರಿ. ಹೊಲದಾಗ ಕೂಸಿಗೆ ಕಟ್ತಾರಲ್ಲ, ಅದ. ನೀವು ದೊಡ್ಡ ಕೂಸು."

ನನಗೆ ಹೊಳೆಯದ್ದು ಅವರಿಗೆ ಹೊಳೆಯಿತು. ನವಲಗುಂದದ ಕಡೆ ಹತ್ತಿ ಬಿಡಿಸುವಾಗ ನೋಡಿ, ಸೀರೆಯ ಎರಡು ತುದಿ ಬೇವಿನ ಕೊಂಬೆಗೆ, ನಡುವೆ ಮಲಗಿದ ಕೂಸು. ಕೂಸಿನ ತೂಕವೇ ಬಟ್ಟೆಯನ್ನು ಅಗಲ ಮಾಡುತ್ತದೆ, ಅದೇ ತೂಕ ತುದಿಗಳನ್ನು ಬಿಗಿ ಮಾಡುತ್ತದೆ. ಟ್ರೀ ಸ್ಯಾಡಲ್ ಕೆಲಸ ಮಾಡೋದು ಥೇಟ್ ಹೀಗೇ. ಆ ಸೀರೆಯ ತುದಿಗಳು ತೀರಾ ಹತ್ತಿರ ಬಂದರೆ ಕೂಸು ಹಿಂಡಿಕೊಂಡು ಅಳುತ್ತೆ, ಅಲ್ವಾ? ಬ್ರಿಡ್ಜ್ ಹಗ್ಗ ಗಿಡ್ಡವಾದರೆ ನಮ್ಮ ಸೊಂಟಕ್ಕೂ ಅದೇ ಗತಿ, ಒಂದು ಗೇಣು ಉದ್ದ ಮಾಡಿದ ಮೇಲೆ ನನ್ನ ಪಕ್ಕೆ ನೋವು ನಿಂತಿತು. ಅವರು ಕೊಟ್ಟ ರಸೀದಿಯಲ್ಲಿ 'ಸೊಂಟದ ಜೋಲಿ, 1' ಅಂತಿತ್ತು. ನಾನೂ ಅಂದಿನಿಂದ ಹಾಗೇ ಅನ್ನುತ್ತೇನೆ.

'ಹಗುರ' ಅನ್ನುವುದನ್ನೂ ಜನ ತೆಳು ಅಂತ ಓದಿಕೊಳ್ಳುತ್ತಾರೆ. ಅರ್ಧ ಕಿಲೋದಿಂದ ಒಂದು ಕಿಲೋ ಒಳಗೆ ಜೋಲಿ ಮಾಡುವವರು ಪಟ್ಟಿಯನ್ನು ತೆಳು ಮಾಡೋದಿಲ್ಲ, ಸ್ಪಂಜು, ಕಬ್ಬಿಣದ ಬಕಲ್ಲು, ಜೇಬು ಬಿಡುತ್ತಾರೆ. ತೂಕ ಹೊರೋದು ಪಟ್ಟಿ, ಬಟ್ಟೆ ಅದನ್ನು ಹರಡುತ್ತದೆ ಅಷ್ಟೇ. ಹತ್ತುವವರ ಒಂದು ಇಂಚಿನ ಟ್ಯೂಬ್ ಪಟ್ಟಿ ಹೊಸದಿದ್ದಾಗ ಸುಮಾರು 1,800 ಕಿಲೋ ಎಳೆತಕ್ಕೆ ಹರಿಯುತ್ತದೆ. ಗಂಟು ಹಾಕಿದರೆ ಆ ಬಲ ಕಡಿಮೆಯಾಗುತ್ತೆ, ಬಿಸಿಲು ತಿಂದರೆ ಇನ್ನೂ ಕಡಿಮೆ. ಸಂತೆಯ ಕೀಚೈನ್ ಕೊಂಡಿಗೂ ಕ್ಯಾರಬಿನರ್ ಅನ್ನೋರಿಗೆ ಒಂದು ಮಾತು: ನಿಜವಾದದ್ದರ ಮೈಮೇಲೆ ಕಿಲೋನ್ಯೂಟನ್ ಲೆಕ್ಕ ಕೆತ್ತಿರುತ್ತದೆ, ಒಂದು ಕಿಲೋನ್ಯೂಟನ್ ಅಂದರೆ ಹತ್ತಿರ ಹತ್ತಿರ ನೂರು ಕಿಲೋ ತೂಕ. ಬಟ್ಟೆ ಸೀಟ್ ಕವರಿನವರ ಹತ್ತಿರ ಹೊಲಿಸಿ, ಹಗ್ಗ ಮತ್ತು ಕೊಂಡಿ ಅಂಗಡಿಯಿಂದ ತನ್ನಿ.

ಕೊನೆಗೆ ಆ 'ಬೇಟೆ'. ಅದು ಅಮೆರಿಕದವರ ಪಾಡು, ಅಲ್ಲಿ ಲೈಸೆನ್ಸು, ಸೀಸನ್ನು ಎಲ್ಲ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ರಾಣೆಬೆನ್ನೂರಿನ ಕೃಷ್ಣಮೃಗಕ್ಕೋ ಕಪ್ಪತಗುಡ್ಡದ ಪ್ರಾಣಿಗೋ ಬಿಲ್ಲು ಎತ್ತಿದರೆ ಜೋಲಿ ಕಟ್ಟೋದು ಜೈಲಿನಲ್ಲಿ. ಇಲ್ಲಿ ಅದರ ಉಪಯೋಗ ಬೇರೆ. ಹಾನಗಲ್ಲಿನ ಅಡಕೆ ತೋಟದಲ್ಲಿ ಕಾಲಿಗೆ ತಳೆ ಅನ್ನುವ ಬಳೆ ಹಾಕಿ ಹತ್ತಿ, ಹಗ್ಗ ಕಟ್ಟಿದ ಸಣ್ಣ ಮಣೆಯ ಮೇಲೆ ಕೂತು ಅಡಕೆ ಗೊನೆ ಇಳಿಸುವವರನ್ನು ನೋಡಿದ್ದೀರಲ್ಲ? ಅವರಲ್ಲೊಬ್ಬರಿಗೆ ನನ್ನ ಜೋಲಿ ಕೊಟ್ಟು ನೋಡಿದೆ. ಹತ್ತು ನಿಮಿಷ ಕೂತು ಇಳಿದರು. ಆರಾಮ ಐತಿ, ಆದರೆ ಒಂದು ಗಿಡದಿಂದ ಇನ್ನೊಂದಕ್ಕೆ ದಾಟಾಕ ಬರೂದಿಲ್ಲ, ನನಗ ಮಣೀನ ಇರಲಿ ಅಂದರು. ಮಾವಿಗೆ ಮಾತ್ರ ಅದೇ ಸರಿ. ಈ ಸಲ ತುದಿಯ ಕಾಯಿ ಒಂದೂವರೆ ಬುಟ್ಟಿ ಸಿಕ್ಕಿತು, ಉಳಿದದ್ದು ಗಿಳಿಗೇ.