ಜಾಯಿಂಟ್ ವೀಲ್‌ನವನ ಕೈಲಿದ್ದ ಆ ಉದ್ದನೆ ಹಿಡಿಕೆ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: "ನಾವು ಚಿಕ್ಕವರಿದ್ದಾಗ ದಾವಣಗೆರೆ ದುಗ್ಗಮ್ಮನ ಜಾತ್ರೆಯಲ್ಲಿ ಜಾಯಿಂಟ್ ವೀಲ್ ಓಡಿಸುವವನು ಉದ್ದನೆ ಕಬ್ಬಿಣದ ಹಿಡಿಕೆ ಹಿಡಿದೇ ನಿಂತಿರುತ್ತಿದ್ದ. ಕೂಗಿದರೆ ಜೋರು ಮಾಡುತ್ತಿದ್ದ, ಮಗು ಅತ್ತರೆ ನಿಲ್ಲಿಸುತ್ತಿದ್ದ. ಈಗಿನವರು ಬಟನ್ ಒತ್ತಿ ಸುಮ್ನೆ ಕೂತಿರುತ್ತಾರೆ. ಆ ಹಿಡಿಕೆ ಯಾಕೆ ತೆಗೆದರು?"

ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ. ಹಿಡಿಕೆ ತೆಗೆದದ್ದು ಚೆಂದ ಕಾಣಲಿ ಅಂತ ಅಲ್ಲ. ಹಿಡಿದವನು ಕೈ ಬಿಟ್ಟರೆ ಏನು ಗತಿ ಅನ್ನುವ ಭಯಕ್ಕೆ.

ಆ ಹಿಡಿಕೆ ಏನು ಮಾಡುತ್ತಿತ್ತು ಅಂತ ನನಗೆ ಬಿಡಿಸಿ ಹೇಳಿದವರು ನಮ್ಮ ದೊಡ್ಡಪ್ಪ. ಕಾಟನ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು, ಬೆಲ್ಟ್ ಎಲ್ಲಿ ಕಂಡರೂ ನಿಂತು ನೋಡುವ ಚಾಳಿ. ಜಾತ್ರೆಯಲ್ಲಿ ನಾವೆಲ್ಲ ಮೇಲೆ ನೋಡುತ್ತಿದ್ದರೆ ಅವರು ಬಗ್ಗಿ ಕೆಳಗೆ ನೋಡುತ್ತಿದ್ದರು. ಅಲ್ಲೊಂದು ಡೀಸೆಲ್ ಎಂಜಿನ್, ಅದರಿಂದ ಒಂದು ಬೆಲ್ಟ್. ಹಿಡಿಕೆ ಮುಂದಕ್ಕೆ ತಳ್ಳಿದರೆ ಬೆಲ್ಟ್ ಬಿಗಿಯಾಗಿ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುತ್ತಿತ್ತು, ಹಿಂದಕ್ಕೆ ಎಳೆದರೆ ಬೆಲ್ಟ್ ಸಡಿಲವಾಗಿ ಬ್ರೇಕ್ ತಿಕ್ಕುತ್ತಿತ್ತು. ಕ್ಲಚ್ಚೂ ಅದೇ, ಬ್ರೇಕೂ ಅದೇ. ಎಷ್ಟು ಜೋರು, ಎಲ್ಲಿ ನಿಲ್ಲಬೇಕು, ಯಾವ ತೊಟ್ಟಿಲು ಹಲಗೆಯ ಮುಂದೆ ಬರಬೇಕು, ಎಲ್ಲ ಅವನ ಅಂಗೈ ಲೆಕ್ಕ.

ಜನರನ್ನು ಹತ್ತಿಸುವುದರಲ್ಲೂ ಒಂದು ಲೆಕ್ಕ ಇತ್ತು. ಒಂದಾದ ಮೇಲೆ ಒಂದು ತೊಟ್ಟಿಲು ತುಂಬುತ್ತಿರಲಿಲ್ಲ. ಒಂದು ತುಂಬಿಸಿ, ಚಕ್ರ ಅರ್ಧ ಸುತ್ತಿಸಿ, ಎದುರಿನದಕ್ಕೆ ಹತ್ತಿಸುತ್ತಿದ್ದ. "ನೀವು ಬನ್ನಿ ಯಜಮಾನ್ರೇ, ಆ ಹುಡುಗ್ರು ನಿಲ್ಲಲಿ" ಅಂತ ಸರದಿ ತಪ್ಪಿಸಿದಾಗ ನಮಗೆ ಸಿಟ್ಟು ಬರುತ್ತಿತ್ತು, ಅಲ್ವಾ? ಅದು ತಕ್ಕಡಿ ತೂಗುವ ಕೆಲಸ. ಒಂದೇ ಕಡೆ ಭಾರ ಕೂತರೆ ಬೆಲ್ಟ್ ಜಾರುತ್ತದೆ, ಬ್ರೇಕ್ ಹಿಡಿದರೂ ಭಾರದ ಕಡೆ ತಾನೇ ಇಳಿಯುತ್ತದೆ. ನೋಡಿದ ತಕ್ಷಣ ತೂಕ ಅಂದಾಜು ಮಾಡುವುದರಲ್ಲಿ ಅವನು ಅಡಿಕೆ ವ್ಯಾಪಾರಿಗಿಂತ ಕಮ್ಮಿ ಇರಲಿಲ್ಲ.

ಒಂದು ಸಲ ನಾನು, ಚಿಕ್ಕಮ್ಮ ಮೇಲಿರುವಾಗಲೇ ಎಂಜಿನ್ ಕೆಮ್ಮಿ ಕೆಮ್ಮಿ ನಿಂತುಹೋಯಿತು. ಚಿಕ್ಕಮ್ಮ ಕಣ್ಣು ಮುಚ್ಚಿ ದುಗ್ಗಮ್ಮಗೆ ಕಾಯಿ ಒಡೆಸುವ ಹರಕೆ ಹೊತ್ತರು. ಕೆಳಗೆ ಅವನು ಗಾಬರಿಯಾಗಲಿಲ್ಲ. ಇಬ್ಬರು ಹುಡುಗರು ಚಕ್ರದ ಕಂಬಿಗೆ ಜೋತುಬಿದ್ದರು, ಇವನು ಹಿಡಿಕೆಯನ್ನು ಬೆರಳಷ್ಟು ಸಡಿಲ ಬಿಟ್ಟ, ಚಕ್ರ ಗರ್ ಅಂತ ಸ್ವಲ್ಪ ಸರಿಯಿತು, ಮತ್ತೆ ಹಿಡಿದ, ಒಂದು ತೊಟ್ಟಿಲಿನವರನ್ನು ಇಳಿಸಿದ, ಮತ್ತೆ ಬಿಟ್ಟ. ಹೀಗೆ ಎಲ್ಲರನ್ನೂ ಇಳಿಸುವ ಹೊತ್ತಿಗೆ ಅವನ ತೋಳು ಗಡಗಡ ನಡುಗುತ್ತಿತ್ತು. ಅವತ್ತು ನನಗೆ ಅವನು ಹೀರೋ. ಈಗ ಯೋಚಿಸಿದರೆ ಮೈ ಜುಮ್ ಅನ್ನುತ್ತದೆ. ಅಷ್ಟೂ ಜನ ನೇತಾಡುತ್ತಿದ್ದದ್ದು ಒಂದು ತೋಳಿಗೆ. ಮಧ್ಯಾಹ್ನದಿಂದ ನಿಂತ ತೋಳು ಅದು, ರಾತ್ರಿ ಹನ್ನೊಂದಾಗಿತ್ತು.

ಹಾಗಂತ ಎಲ್ಲ ಚಕ್ರಗಳೂ ಹೀಗೇ ಹುಟ್ಟಿದವಲ್ಲ. 1893ರಲ್ಲಿ ಶಿಕಾಗೋ ಮೇಳಕ್ಕೆ ಜಾರ್ಜ್ ಫೆರಿಸ್ ಕಟ್ಟಿದ ಚಕ್ರ 80 ಮೀಟರ್ ಎತ್ತರ, 36 ಡಬ್ಬಿ, ಒಂದೊಂದರಲ್ಲಿ 60 ಜನ. ತಿರುಗಿಸಲು 1,000 ಅಶ್ವಶಕ್ತಿಯ ಉಗಿ ಎಂಜಿನ್, ಜೊತೆಗೆ ಅಂಥದ್ದೇ ಇನ್ನೊಂದು. ಅಷ್ಟು ದೊಡ್ಡದನ್ನು ಯಾರ ತೋಳೂ ಹಿಡಿಯಲಾರದು, ಹಾಗಾಗಿ ಅದಕ್ಕೆ ಆಗಲೇ ಏರ್ ಬ್ರೇಕ್, ಅಂದರೆ ಒತ್ತಿ ತುಂಬಿದ ಗಾಳಿಯಿಂದ ನಡೆಯುವ ಬ್ರೇಕ್ ಇತ್ತು. ಆದರೆ ಊರೂರಿಗೆ ಬಿಚ್ಚಿ ಒಯ್ಯುವ ಚಕ್ರ ಹಗುರ ಇರಬೇಕು, ಅಗ್ಗ ಇರಬೇಕು, ಕೆಟ್ಟರೆ ಅಲ್ಲೇ ರಿಪೇರಿ ಆಗಬೇಕು. ಹಾಗಾಗಿ ಜಾತ್ರೆಯ ಚಕ್ರದಲ್ಲಿ ಹಿಡಿಕೆ ಬಹಳ ಕಾಲ ಉಳಿಯಿತು.

ಕೈ ಬ್ರೇಕಿನ ಕಥೆ ಚಕ್ರಕ್ಕೆ ಮಾತ್ರ ಅಲ್ಲ. ಹಳೇ ರೋಲರ್ ಕೋಸ್ಟರ್‌ಗಳಲ್ಲಿ ಬ್ರೇಕ್ ಹಿಡಿಯುವವನು ಗಾಡಿಯ ಮೇಲೇ ಹೋಗುತ್ತಿದ್ದ. ಮೆಲ್ಬರ್ನ್‌ನ ಲೂನಾ ಪಾರ್ಕಿನಲ್ಲಿ 1912ರದ್ದೊಂದು ಇದೆ, ಅದರ ಗಾಡಿಯ ನಡುವೆ ನಿಂತು ಒಬ್ಬ ಬ್ರೇಕ್ ಹಿಡಿಯುತ್ತಾನೆ. ಕೋಪನ್‌ಹೇಗನ್‌ನ ಟಿವೊಲಿ ಪಾರ್ಕಿನಲ್ಲಿರುವ 1914ರದ್ದೂ ಹಾಗೇ.

ಈಗ ಅಸಲಿ ವಿಷಯ. ಹೈವೇ ಪಕ್ಕ ಬೆಳೆದ ದಾವಣಗೆರೆಯವರಿಗೆ ಇದನ್ನು ಲಾರಿಯಲ್ಲಿ ಹೇಳಿದರೆ ಬೇಗ ಗೊತ್ತಾಗುತ್ತದೆ. ಲಾರಿಯ ಬ್ರೇಕಿನ ಗಾಳಿ ಇಳಿದುಹೋದರೆ ಏನಾಗುತ್ತದೆ? ಬ್ರೇಕ್ ಹೋಗಿ ಉರುಳುವುದಿಲ್ಲ, ಚಕ್ರ ಜಾಮ್ ಆಗಿ ನಿಂತಲ್ಲೇ ನಿಲ್ಲುತ್ತದೆ. ಯಾಕೆಂದರೆ ಅಲ್ಲಿ ಬ್ರೇಕ್ ಹಿಡಿಯುವುದು ಸ್ಪ್ರಿಂಗ್, ಗಾಳಿಯ ಕೆಲಸ ಅದನ್ನು ಬಿಡಿಸಿ ಇಡುವುದು. ಈ ಉಪಾಯದ ಬೇರು ರೈಲಿನಲ್ಲಿದೆ. 1869ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಅನ್ನುವವನು ತಂದ ಮೊದಲ ಏರ್ ಬ್ರೇಕ್‌ನಲ್ಲಿ ಗಾಳಿ ತುಂಬಿದರೆ ಬ್ರೇಕ್ ಹಿಡಿಯುತ್ತಿತ್ತು, ಪೈಪ್ ಒಡೆದರೆ ಮುಗಿಯಿತು ಕಥೆ. 1872ರ ಹೊತ್ತಿಗೆ ಆತನೇ ಅದನ್ನು ತಿರುವುಮುರುವು ಮಾಡಿದ. ಗಾಳಿ ಹೋದರೆ ಬ್ರೇಕ್ ತಾನೇ ಹಿಡಿಯಬೇಕು.

ಈಗಿನ ಪಾರ್ಕಿನ ಆಟಗಳಲ್ಲಿ ಇರುವುದು ಇದೇ ತಿರುವುಮುರುವು. ಕೋಸ್ಟರ್‌ನಲ್ಲಿ ಗಾಳಿ ಇದ್ದರೆ ಬ್ರೇಕ್ ತೆರೆದಿರುತ್ತದೆ, ಗಾಳಿ ಹೋದರೆ ಕಚ್ಚಿಕೊಳ್ಳುತ್ತದೆ. ಕರೆಂಟ್ ಮೋಟಾರಿನ ಚಕ್ರದಲ್ಲಿ ಕರೆಂಟೇ ಬ್ರೇಕನ್ನು ಎತ್ತಿ ಹಿಡಿದಿರುತ್ತದೆ, ಥೇಟ್ ಲಿಫ್ಟಿನ ಹಾಗೆ, ಕರೆಂಟ್ ಹೋದ ಕ್ಷಣ ಸ್ಪ್ರಿಂಗ್ ಅಮುಕುತ್ತದೆ. ಓಡಿಸುವವನು ತಲೆಸುತ್ತಿ ಬಿದ್ದರೂ ಚಕ್ರ ನಿಲ್ಲಬೇಕು ಅನ್ನುವುದು ಲೆಕ್ಕ. ಹಾಗಾಗಿ ಕೆಲವು ಆಟಗಳಲ್ಲಿ ಬಟನ್ನನ್ನೋ ಪೆಡಲನ್ನೋ ಒತ್ತಿ ಹಿಡಿದೇ ಇರಬೇಕು, ಬಿಟ್ಟರೆ ನಿಂತಿತು.

ಹಾಗಾದರೆ ಕರೆಂಟ್ ಹೋದಾಗ ಮೇಲಿದ್ದವರ ಪಾಡು? ಅದಕ್ಕೆ ಇಂಥ ಮೋಟಾರುಗಳ ಪಕ್ಕದಲ್ಲಿ ಒಂದು ಪುಟ್ಟ ಹಿಡಿಕೆ ಇಟ್ಟಿರುತ್ತಾರೆ. ಎಳೆದರೆ ಬ್ರೇಕ್ ಬಿಡುತ್ತದೆ, ಕೈ ತೆಗೆದರೆ ಮತ್ತೆ ಹಿಡಿಯುತ್ತದೆ. ಅಂದರೆ ನೀವು ಕೇಳಿದ ಹಿಡಿಕೆ ಪೂರ್ತಿ ಹೋಗಿಲ್ಲ. ಅಂದು ಎಳೆದರೆ ನಿಲ್ಲುತ್ತಿತ್ತು, ಇಂದು ಎಳೆದರೆ ಬಿಡುತ್ತದೆ, ಅಷ್ಟೇ.

ಕೂತವರು ಬೀಳದಂತೆ ಮಡಿಲ ಮೇಲೆ ಹಾಕುವ ಸರಳು ಬದಲಾದದ್ದಕ್ಕೂ ಕಾರಣ ಸಣ್ಣದಲ್ಲ. ಮುಂಚೆ ಒಂದು ಸೀಟಿಗೆ ಒಂದೇ ಸರಳು, ಅದಕ್ಕೊಂದು ಕೊಂಡಿ. ಅಪ್ಪ ಮಗ ಕೂತರೆ ಸರಳು ಅಪ್ಪನ ಹೊಟ್ಟೆಗೆ ತಾಗಿ ನಿಲ್ಲುತ್ತಿತ್ತು, ಮಗನ ಮುಂದೆ ಒಂದು ಕೊಡ ಇಡುವಷ್ಟು ಜಾಗ. ಈಗ ದೊಡ್ಡ ಪಾರ್ಕುಗಳ ಜೋರಿನ ಆಟಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು, ಅದು ಲಾಕ್ ಆಗಿದೆ ಅಂತ ಯಂತ್ರಕ್ಕೆ ಗೊತ್ತಾಗುವವರೆಗೆ ಆಟ ಶುರುವೇ ಆಗುವುದಿಲ್ಲ.

ಕೂಗಿದರೆ ಜೋರು ಮಾಡುತ್ತಿದ್ದದ್ದು ಮಾತ್ರ ಹೋಯಿತು, ಅದಕ್ಕೆ ನನಗೂ ಬೇಜಾರಿದೆ. ಈಗ ವೇಗ, ಸುತ್ತು ಎಲ್ಲ ಮೊದಲೇ ಕಟ್ಟಿಟ್ಟಿರುತ್ತಾರೆ. ಜನ ಕಮ್ಮಿ ಇದ್ದಾಗ ಎರಡು ಸುತ್ತು ಜಾಸ್ತಿ ಹಾಕುವ ಧಾರಾಳ ಟೈಮರಿಗೆ ಎಲ್ಲಿಂದ ಬರಬೇಕು?

ಇನ್ನು ನಿಮ್ಮ ಆ "ಸುಮ್ನೆ ಕೂತಿರುತ್ತಾರೆ" ಅನ್ನುವ ಮಾತು. ಕೂತಿರಲಿ ಬಿಡಿ, ಕಣ್ಣು ಆಟದ ಮೇಲಿದ್ದರೆ ಸಾಕು. ಹಿಂದೊಂದು ಮೇಳದಲ್ಲಿ ಮಗಳನ್ನು ಕರೆದುಕೊಂಡು ಸಾಲಿನಲ್ಲಿ ನಿಂತಿದ್ದೆ. ದೊಡ್ಡಪ್ಪನ ಚಾಳಿ ನನಗೂ ಅಂಟಿದೆ, ಬಗ್ಗಿ ನೋಡಿದೆ. ಕಾಲಲ್ಲಿ ಒತ್ತಿ ಹಿಡಿಯಬೇಕಾದ ಪೆಡಲ್ ಮೇಲೆ ಒಂದು ಇಟ್ಟಿಗೆ ಇತ್ತು. ಅವನು ಪಕ್ಕದವನ ಜೊತೆ ಟೀ ಕುಡಿಯುತ್ತಿದ್ದ. ಮಗಳ ಕೈ ಹಿಡಿದು ಸಾಲು ಬಿಟ್ಟು ಬಂದೆ. ಅವಳು ಮುಖ ಊದಿಸಿದ್ದು ಮಂಡಕ್ಕಿ ಮಿರ್ಚಿ ಬರುವವರೆಗೂ ಇಳಿಯಲಿಲ್ಲ.